ವಾಷಿಂಗ್ ಮೆಷಿನ್ ಕುಣಿಯುವುದೇಕೆ?

ಅಟ್ಟದ ಮೇಲೆ ಹಾಕಿದ ಕಾಯಿ ಕೊಬ್ಬರಿಯಾಗಿದೆಯೇ ಎಂದು ತಿಳಿಯಲು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಯಾರೂ ಕಾಯಿ ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಕಳಕಳ ಎಂದು ನೀರಿನ ಸದ್ದು ಬಂದರೆ ಇನ್ನೂ ಕಾಯಬೇಕು. ನೀರಿನ ಸದ್ದು ನಿಂತು, ಒಳಗಿನ ಗಿಟುಕು ಚಿಪ್ಪು ಬಿಟ್ಟು ಗಡಗಡ ಎಂದರೆ ಉಂಡೆ ಕೊಬ್ಬರಿ ಸಿದ್ಧ. ತಿಂಗಳುಗಟ್ಟಲೆ ಕಾದದ್ದರ ಫಲವನ್ನು ಕಿವಿಯೇ ಹೇಳಿಬಿಡುತ್ತದೆ. ಬಚ್ಚಲ ಪಕ್ಕದಲ್ಲಿ ದಡಬಡ ಎನ್ನುವ ವಾಷಿಂಗ್ ಮೆಷಿನ್ ಕಡೆಗೂ ಇದೇ ಕಿವಿ ಕೊಟ್ಟರೆ, ಮೆಕ್ಯಾನಿಕ್‌ಗೆ ಫೋನು ಮಾಡುವ ಮೊದಲೇ ಅರ್ಧ ರೋಗ ಗೊತ್ತಾಗುತ್ತದೆ.

ಬಟ್ಟೆ ಹಿಂಡುವ ಹೊತ್ತಿಗೆ ಮೆಷಿನ್ ಕುಣಿಯಲು ಶುರು ಮಾಡಿದರೆ ‘ಇದರ ಕಥೆ ಮುಗಿಯಿತು’ ಎಂದುಕೊಳ್ಳುವವರೇ ಹೆಚ್ಚು. ಬಹಳ ಸಲ ಮೆಷಿನ್‌ನ ಒಳಗೆ ಏನೂ ಕೆಟ್ಟಿರುವುದಿಲ್ಲ. ಹಾಕಿದ ಬಟ್ಟೆಯಲ್ಲೋ, ನಿಲ್ಲಿಸಿದ ನೆಲದಲ್ಲೋ ದೋಷವಿರುತ್ತದೆ. ಅದಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು.

ಅರ್ಧ ಕಿಲೋ ಕಾಯಿ, 140 ಕಿಲೋ ಎಳೆತ

ಮೊದಲು ಕಾರಣ ತಿಳಿಯೋಣ. ಬಟ್ಟೆ ಹಿಂಡುವಾಗ ಡ್ರಮ್ಮು ಜೋರಾಗಿ ತಿರುಗುತ್ತದೆ. ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್ ಮೆಷಿನ್‌ನಲ್ಲಿ ನಿಮಿಷಕ್ಕೆ ಸುಮಾರು 700 ಸುತ್ತು. ಮುಂದೆ ಗಾಜಿನ ಬಾಗಿಲಿರುವ ಫ್ರಂಟ್ ಲೋಡ್ ಮೆಷಿನ್‌ನಲ್ಲಿ 1000ದಿಂದ 1400 ಸುತ್ತು. ಬಟ್ಟೆ ಸುತ್ತಲೂ ಸಮನಾಗಿ ಹರಡಿದ್ದರೆ ಒಂದು ಬದಿಯ ಎಳೆತವನ್ನು ಎದುರು ಬದಿಯ ಎಳೆತ ಸರಿದೂಗಿಸುತ್ತದೆ. ಎಲ್ಲವೂ ಒಂದೇ ಕಡೆ ಮುದ್ದೆಯಾದರೆ ತೊಂದರೆ.

ಸುಲಿದ ಒಂದು ತೆಂಗಿನಕಾಯಿ ಸುಮಾರು ಅರ್ಧ ಕಿಲೋ ತೂಗುತ್ತದೆ. ಅಷ್ಟೇ ತೂಕದ ಒದ್ದೆ ಬಟ್ಟೆ ಡ್ರಮ್ಮಿನ ನಡುವಿನಿಂದ 25 ಸೆಂಟಿಮೀಟರ್ ದೂರದಲ್ಲಿ ಒಂದೇ ಬದಿಗೆ ಹೆಚ್ಚಾಗಿದೆ ಎನ್ನಿ. ನಿಮಿಷಕ್ಕೆ 1000 ಸುತ್ತಿನಲ್ಲಿ ಅದು ಡ್ರಮ್ಮನ್ನು ಹೊರಕ್ಕೆ ಎಳೆಯುವ ಬಲ ಸುಮಾರು 140 ಕಿಲೋ ತೂಕಕ್ಕೆ ಸಮ! ಇಬ್ಬರು ಆಳುಗಳು ಜೋತುಬಿದ್ದಂತೆ. ಆ ಎಳೆತ ಒಂದೇ ದಿಕ್ಕಿಗೂ ಇರುವುದಿಲ್ಲ, ಸೆಕೆಂಡಿಗೆ 16–17 ಸಲ ಸುತ್ತು ಹಾಕುತ್ತದೆ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ.

ಮಕ್ಕಳು ಇದನ್ನು ಸೈಕಲ್‌ನಲ್ಲೇ ನೋಡಬಹುದು, ಆದರೆ ದೊಡ್ಡವರು ಜೊತೆಗಿರಲಿ. ಸೈಕಲ್ಲನ್ನು ಬೋರಲು ನಿಲ್ಲಿಸಿ, ಹಿಂದಿನ ಚಕ್ರದ ಕಡ್ಡಿಗೆ ರಿಮ್ಮಿನ ಹತ್ತಿರ ಒಂದು ಒದ್ದೆ ಕರವಸ್ತ್ರವನ್ನು ಬಿಗಿಯಾಗಿ ಕಟ್ಟಿ. ಪೆಡಲು ತಿರುಗಿಸಿದರೆ ಇಡೀ ಸೈಕಲ್ ನಡುಗುತ್ತದೆ. ಚಕ್ರ ನಿಂತ ಮೇಲೆ ಅಂಥದೇ ಇನ್ನೊಂದು ಕರವಸ್ತ್ರವನ್ನು ಸರಿಯಾಗಿ ಎದುರು ಬದಿಗೆ ಕಟ್ಟಿ ತಿರುಗಿಸಿ. ತೂಕ ಎರಡರಷ್ಟಾದರೂ ನಡುಕ ಕಡಿಮೆಯಾಗುತ್ತದೆ! ಬೆರಳು, ಜಡೆ, ಲಂಗದ ಅಂಚು ಚಕ್ರದಿಂದ ದೂರವಿರಲಿ.

ಈ ಎಳೆತ ತಡೆಯಲೆಂದೇ ಮೆಷಿನ್ ಮಾಡುವವರು ಹಲವು ಉಪಾಯ ಹೂಡಿದ್ದಾರೆ. 1937ರಲ್ಲಿ ಅಮೆರಿಕದಲ್ಲಿ ಮನೆಬಳಕೆಗೆ ಬಂದ ಬೆಂಡಿಕ್ಸ್ ಆಟೊಮ್ಯಾಟಿಕ್ ಮೆಷಿನ್ನನ್ನು ಬೋಲ್ಟು ಹಾಕಿ ನೆಲಕ್ಕೇ ಬಿಗಿಯಬೇಕಾಗಿತ್ತು. ಈಗಿನ ಫ್ರಂಟ್ ಲೋಡ್ ಮೆಷಿನ್‌ನಲ್ಲಿ ಡ್ರಮ್ಮಿನ ತೊಟ್ಟಿಯನ್ನು ಮೇಲಿನಿಂದ ಸ್ಪ್ರಿಂಗಿನಲ್ಲಿ ತೂಗುಹಾಕಿ, ಕೆಳಗೆ ಡ್ಯಾಂಪರ್ ಎಂಬ ಕೊಳವೆಗಳನ್ನು ಕೊಟ್ಟಿರುತ್ತಾರೆ. ಬೈಕಿನ ಷಾಕ್ ಅಬ್ಸಾರ್ಬರ್ ಇದ್ದ ಹಾಗೆ. ತೊಟ್ಟಿ ಅಲುಗದಂತೆ ಕಾಂಕ್ರೀಟಿನ ಭಾರವನ್ನೂ ಕಟ್ಟಿರುತ್ತಾರೆ. ಅದಕ್ಕೇ ಈ ಮೆಷಿನ್ ಎತ್ತಲು ಅಷ್ಟು ಭಾರ. ಟಾಪ್ ಲೋಡ್‌ನಲ್ಲಿ ತೊಟ್ಟಿ ನಾಲ್ಕು ಸರಳುಗಳಲ್ಲಿ ತೂಗುತ್ತದೆ. ಡ್ರಮ್ಮಿನ ಮೇಲಂಚಿನ ದಪ್ಪ ಪ್ಲಾಸ್ಟಿಕ್ ಬಳೆಯೊಳಗೆ ಸಾಮಾನ್ಯವಾಗಿ ಉಪ್ಪುನೀರು ತುಂಬಿರುತ್ತಾರೆ. ತಿರುಗುವಾಗ ಅದು ಹಗುರಾದ ಬದಿಗೆ ಸರಿದು ಸಮತೋಲ ಕೊಡುತ್ತದೆ. ಹೊಸ ಮೆಷಿನ್ ಅಲ್ಲಾಡಿಸಿದಾಗ ನೀರಿನ ಸದ್ದು ಬಂದರೆ ಗಾಬರಿ ಬೇಡ, ಅದು ಕೊಬ್ಬರಿಯಾಗುವುದಿಲ್ಲ!

ಖರ್ಚಿಲ್ಲದ್ದು ಮೊದಲು

ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ನಾವು ಕೂಡಲೇ ಲೆಡ್ಜರುಗಳನ್ನೆಲ್ಲ ಹರಡಿಕೊಂಡು ಕೂರುತ್ತಿರಲಿಲ್ಲ. ವ್ಯತ್ಯಾಸ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆಯೇ ಎಂದು ನೋಡುತ್ತಿದ್ದೆವು. ಆಗುವುದಾದರೆ 54ರ ಬದಲು 45 ಬರೆದಂತೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು ಎಂದು ಅನುಮಾನ. ಸುಲಭದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಮೆಷಿನ್‌ಗೂ ಇದೇ ಕ್ರಮ ಸರಿ.

1. ಖಾಲಿ ಓಡಿಸಿ ನೋಡಿ. ಬಟ್ಟೆಯೆಲ್ಲ ತೆಗೆದು, ಬರಿಯ ಹಿಂಡುವ ಸುತ್ತನ್ನು ಓಡಿಸಿ. ಖಾಲಿ ಮೆಷಿನ್ ನೆಮ್ಮದಿಯಾಗಿ ಓಡಿದರೆ ತಪ್ಪು ಬಟ್ಟೆ ಹಾಕಿದ ರೀತಿಯದು. ಖಾಲಿಯಿದ್ದಾಗಲೂ ಕುಣಿದರೆ ನೆಲ, ಕಾಲು ಅಥವಾ ಒಳಗಿನ ಭಾಗ ನೋಡಬೇಕು. ಈ ಒಂದು ಪರೀಕ್ಷೆ ದಾರಿಯನ್ನು ಎರಡಾಗಿ ಸೀಳುತ್ತದೆ.

2. ಬಟ್ಟೆ. ಒಂದೇ ಒಂದು ಜಮಖಾನ, ಒಂದೇ ದಪ್ಪ ರಗ್ಗು, ಒಂದೇ ಕಾಲೊರೆಸು ಹಾಕಬೇಡಿ. ನೀರು ಕುಡಿದ ರಗ್ಗು ಒಂದು ಕಡೆ ಮುದುಡಿ ಕೂರುತ್ತದೆ. ಜೊತೆಗೆ ಎರಡು ಮೂರು ಟವೆಲ್ಲು, ಪಂಚೆ ಹಾಕಿದರೆ ಎದುರು ಬದಿಗೆ ಭಾರ ಸಿಗುತ್ತದೆ. ದುಪ್ಪಟಿಯೊಳಗೆ ಉಳಿದ ಬಟ್ಟೆಯೆಲ್ಲ ಹೊಕ್ಕು ಗಂಟಾಗಿದ್ದರೆ ಬಿಡಿಸಿ ಹರಡಿ. ಕಂಠಪೂರ್ತಿ ತುರುಕುವುದೂ ತಪ್ಪೇ. ನಮ್ಮ ಕಡೆ ಇನ್ನೂ ಬಳಕೆಯಲ್ಲಿರುವ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಮೆಷಿನ್‌ನಲ್ಲಿ, ಹಿಂಡುವ ತೊಟ್ಟಿಗೆ ಬಟ್ಟೆಯನ್ನು ಸುತ್ತಲೂ ಸಮನಾಗಿ ಒತ್ತಿ, ಮೇಲೆ ತಟ್ಟೆಯಂಥ ಒಳಮುಚ್ಚಳ ಇಡಲೇಬೇಕು.

ಕೊಬ್ಬರಿ ಒಣಗಿಸುವ ಟಾರ್ಪಾಲು, ಮಳೆಯಂಗಿ, ಹಿಂಬದಿಗೆ ಪ್ಲಾಸ್ಟಿಕ್ ಇರುವ ಹಾಸು ಇವುಗಳನ್ನು ಎಂದೂ ಹಿಂಡಲು ಹಾಕಬಾರದು. ಅವುಗಳ ಮಡಿಕೆಯಲ್ಲಿ ನೀರು ಸಿಕ್ಕಿಕೊಂಡು ಹೊರಬರದೆ, ಪೂರ್ತಿ ವೇಗದಲ್ಲಿರುವಾಗ ಒಮ್ಮೆಲೇ ನುಗ್ಗುತ್ತದೆ. ಮೆಷಿನ್ ಉರುಳಿಬೀಳುವಷ್ಟು ಎಗರಬಹುದು.

ತೋಟದ ಕೆಲಸದ ಬಟ್ಟೆಯನ್ನು ಕೊಡವಿಯೇ ಹಾಕಿ. ಕಾಯಿ ಸುಲಿದ ನಾರು ನೀರು ಹೊರಹೋಗುವ ಜಾಲರಿಯನ್ನು ಕಟ್ಟುತ್ತದೆ. ನೀರು ನಿಂತರೆ ಮೆಷಿನ್ ಹಿಂಡಲು ಒದ್ದಾಡುತ್ತದೆ. ಫ್ರಂಟ್ ಲೋಡ್‌ನಲ್ಲಿ ಕೆಳಗಿನ ಮೂಲೆಯ ಪುಟ್ಟ ಬಾಗಿಲು ತೆಗೆದರೆ ಆ ಜಾಲರಿ ಸಿಗುತ್ತದೆ. ಪ್ಲಗ್ಗು ತೆಗೆದು, ಬಿಸಿನೀರಾಗಿದ್ದರೆ ಆರಲು ಬಿಟ್ಟು, ಕೆಳಗೆ ತಟ್ಟೆಯಿಟ್ಟು ಮೆಲ್ಲಗೆ ತಿರುಗಿಸಿ.

3. ಕಾಲು ಮತ್ತು ನೆಲ. ಪ್ಲಗ್ಗು ತೆಗೆದು, ಮೆಷಿನ್‌ನ ಎದುರುಬದುರು ಮೂಲೆಗಳನ್ನು ಎರಡು ಕೈಯಿಂದ ಒತ್ತಿ ನೋಡಿ. ಆಮೇಲೆ ಇನ್ನೆರಡು ಮೂಲೆ. ಮೂರು ಕಾಲಿನ ಮೇಲೆ ಕೂತ ಮಂಚದಂತೆ ಟಕ್ ಟಕ್ ಎಂದರೆ ಒಂದು ಕಾಲು ನೆಲ ಮುಟ್ಟಿಲ್ಲ. ಬಚ್ಚಲ ನೆಲ ನೀರು ಹರಿಯಲೆಂದು ತೂಬಿನ ಕಡೆ ಇಳಿಜಾರಾಗಿರುತ್ತದೆ. ನಮ್ಮ ಮನೆಗಳಲ್ಲಿ ಮೆಷಿನ್ ಇಡುವುದೂ ಅಲ್ಲೇ. ಕಾಲುಗಳು ತಿರುಪಿನವು, ಸ್ಪ್ಯಾನರ್‌ನಿಂದ ಎತ್ತರಿಸಬಹುದು, ತಗ್ಗಿಸಬಹುದು. ಗಾರೆ ಕೆಲಸದವರ ರಸಮಟ್ಟವನ್ನು ಮೆಷಿನ್ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು, ಗುಳ್ಳೆ ನಡುವೆ ನಿಲ್ಲುವಂತೆ ಮಾಡಿ. ರಸಮಟ್ಟವಿಲ್ಲದಿದ್ದರೆ ಚಪ್ಪಟೆ ತಟ್ಟೆಯಲ್ಲಿ ನೀರು ಹಾಕಿಟ್ಟರೂ ಓರೆ ಕಾಣುತ್ತದೆ. ಕೊನೆಗೆ ಕಾಲಿನ ಮೇಲಿರುವ ನಟ್ಟನ್ನು ಬಿಗಿಯುವುದು ಮರೆಯಬೇಡಿ. ಅದು ಸಡಿಲವಿದ್ದರೆ ಕಾಲು ಮತ್ತೆ ತಿರುಗಿ ಹಳೆಯ ಕಥೆಯೇ.

ರಟ್ಟು, ಮರದ ತುಂಡು, ಇಟ್ಟಿಗೆ ಚೂರು ಇಟ್ಟು ಸರಿಮಾಡಬೇಡಿ, ನಡುಕಕ್ಕೆ ಜಾರಿಹೋಗುತ್ತವೆ. ಚಕ್ರವಿರುವ ಸ್ಟ್ಯಾಂಡು ಗುಡಿಸಲು ಅನುಕೂಲ, ಹಿಂಡುವಾಗ ಶತ್ರು. ರಬ್ಬರ್ ಮೆತ್ತೆಗಳು ಸದ್ದು ತಗ್ಗಿಸಬಲ್ಲವು, ಆದರೆ ಮಟ್ಟ ಸರಿಮಾಡಿದ ಮೇಲೆ ಮಾತ್ರ. ಮರದ ತೊಲೆಯ ಮೇಲಿರುವ ಹಳೆಯ ಮಾಳಿಗೆ ಮನೆಯಲ್ಲಿ ಮೆಷಿನ್ ನೆಲಮನೆಯಲ್ಲಿದ್ದರೇ ವಾಸಿ. ಗೋಡೆಗೂ ಪಕ್ಕದ ಡ್ರಮ್ಮು ಬಕೆಟ್ಟುಗಳಿಗೂ ತಾಗದಂತೆ ಜಾಗ ಬಿಡಿ.

4. ಸಾಗಣೆ ಬೋಲ್ಟುಗಳು. ಇದು ಹೊಸ ಫ್ರಂಟ್ ಲೋಡ್ ಮೆಷಿನ್‌ಗೆ ಸಂಬಂಧಿಸಿದ್ದು. ಲಾರಿಯಲ್ಲಿ ಬರುವಾಗ ಒಳಗಿನ ತೊಟ್ಟಿ ಅಲುಗದಿರಲೆಂದು ಹಿಂಬದಿಯಿಂದ ಮೂರೋ ನಾಲ್ಕೋ ಉದ್ದ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಬಳಸುವ ಮೊದಲು ತೆಗೆಯಲೇಬೇಕು.

ನಮ್ಮ ಬಂಧುಗಳಲ್ಲಿ ಒಬ್ಬ ಹಿರಿಯ ಹೆಂಗಸು ತುರುವೇಕೆರೆ ಕಡೆಯ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಅಮ್ಮನ ಮಂಡಿ ನೋವು ನೋಡಲಾಗದೆ ಬೆಂಗಳೂರಿನ ಮಗ ಮೆಷಿನ್ ಕಳಿಸಿದ. ತಂದವರು ನಲ್ಲಿಗೆ ಪೈಪು ಸಿಕ್ಕಿಸಿ ಹೊರಟುಹೋದರು. ಮೊದಲ ದಿನವೇ ಅದು ಭೂತ ಬಂದಂತೆ ಕುಣಿದು ಗೋಡೆ ಬಿಟ್ಟು ಮುಂದೆ ಬಂತು. ಪ್ಲಗ್ಗು ಕಿತ್ತವರು ಮತ್ತೆ ಹಾಕಲಿಲ್ಲ. ‘ಅಷ್ಟು ದುಡ್ಡು ಕೊಟ್ಟಿದ್ದಾನೆ, ಕೆಟ್ಟಿದೆ ಅಂದರೆ ನೊಂದುಕೊಳ್ಳುತ್ತಾನೆ’ ಎಂದು ಮಗನಿಗೂ ಹೇಳಲಿಲ್ಲ. ಮೆಷಿನ್ ಮೇಲೆ ಹಳೆಯ ಸೀರೆ ಹೊದಿಸಿ, ಐದು ತಿಂಗಳು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತೇ ಬಟ್ಟೆ ಒಗೆದರು. ಹಬ್ಬಕ್ಕೆ ಹೋದಾಗ ಹಿಂದೆ ಬಗ್ಗಿ ನೋಡಿದರೆ ನಾಲ್ಕು ಬೋಲ್ಟೂ ಹಾಗೇ ಇದ್ದವು. ತೆಗೆಯಲು ಹಿಡಿದದ್ದು ಹತ್ತು ನಿಮಿಷ. ಮೆಷಿನ್ ಈಗ ಸದ್ದಿಲ್ಲದೆ ಓಡುತ್ತಿದೆ. ಆ ಐದು ತಿಂಗಳಲ್ಲಿ ಹೆಚ್ಚಾದ ಮಂಡಿ ನೋವು ಮಾತ್ರ ಇಳಿದಿಲ್ಲ. ದೂರದಿಂದ ಮೆಷಿನ್ ಕಳಿಸುವ ಮಕ್ಕಳು, ಬಿಲ್ಲಿನ ಜೊತೆಗೆ ಒಂದು ದಿನದ ರಜೆಯನ್ನೂ ಅದಕ್ಕೆ ಇಟ್ಟುಕೊಂಡರೆ ಒಳ್ಳೆಯದು.

ತೆಗೆದ ಬೋಲ್ಟುಗಳನ್ನು ಎಸೆಯಬೇಡಿ. ಮನೆ ಬದಲಿಸುವಾಗ ಮತ್ತೆ ಬೇಕು.

ಒಳಗಿನ ರೋಗ

ಇಷ್ಟೆಲ್ಲ ಮಾಡಿದರೂ ಖಾಲಿ ಮೆಷಿನ್ ಕುಣಿದರೆ ಒಳಗಿನದನ್ನು ಅನುಮಾನಿಸಬೇಕು. ಪ್ಲಗ್ಗು ತೆಗೆದು ಫ್ರಂಟ್ ಲೋಡ್ ಡ್ರಮ್ಮನ್ನು ಕೈಯಿಂದ ಕೆಳಕ್ಕೆ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ. ತೊಟ್ಟಿಲಿನಂತೆ ನಾಲ್ಕಾರು ಸಲ ತೂಗಿದರೆ ಡ್ಯಾಂಪರ್ ಸವೆದಿದೆ. ತೊಟ್ಟಿ ಒಂದು ಬದಿಗೆ ವಾಲಿದ್ದರೆ ಸ್ಪ್ರಿಂಗು ಅಥವಾ ಸರಳು ಕಳಚಿರಬಹುದು. ಡ್ಯಾಂಪರುಗಳನ್ನು ಜೋಡಿಯಾಗಿ, ಟಾಪ್ ಲೋಡ್‌ನ ಸರಳುಗಳನ್ನು ನಾಲ್ಕೂ ಒಟ್ಟಿಗೆ ಬದಲಿಸಿದರೆ ಲೇಸು. ಒಂದು ಹೊಸದು, ಉಳಿದದ್ದು ಹಳೆಯದಾದರೆ ಮತ್ತೆ ಓರೆ.

ಡ್ರಮ್ಮಿನ ಅಂಚು ಹಿಡಿದು ಮೇಲೆ ಕೆಳಗೆ ಎತ್ತಿ. ಹೊರಗಿನ ತೊಟ್ಟಿಯೂ ಜೊತೆಗೇ ಅಲುಗಬೇಕು. ಡ್ರಮ್ಮು ಮಾತ್ರ ಲೊಡಲೊಡ ಎಂದರೆ, ಕೈಯಿಂದ ತಿರುಗಿಸಿದಾಗ ಗರಗರ ಕೇಳಿದರೆ, ಬೇರಿಂಗು ಹೋಗಿದೆ. ಬೇರಿಂಗಿಗೆ ನೀರು ಸೋಕದಂತೆ ಕಾಯುವ ರಬ್ಬರ್ ಸೀಲು ಸವೆದಾಗ ಹೀಗಾಗುತ್ತದೆ. ಇದನ್ನು ಮುಂದೂಡಬೇಡಿ, ಬೇರಿಂಗಿನ ರಿಪೇರಿ ಡ್ರಮ್ಮಿನ ರಿಪೇರಿಯಾಗುತ್ತದೆ. ಒಳಗಿನ ಭಾಗ ಬಿಚ್ಚುವುದು ಮೆಕ್ಯಾನಿಕ್‌ನ ಕೆಲಸ, ಮನೆಯವರದಲ್ಲ.

ಸದ್ದು ಹೇಳುವ ಗುಟ್ಟು

• ವೇಗ ಏರುವಾಗ ತುಸು ನಡುಗಿ, ಆಮೇಲೆ ಶಾಂತ: ಸಹಜ. ಪ್ರತಿ ಮೆಷಿನ್ನೂ ಆ ಘಟ್ಟ ದಾಟಬೇಕು.
• ದಡ್ ದಡ್ ಎಂದು ತೊಟ್ಟಿ ಬಡಿಯುವ ಸದ್ದು: ಬಟ್ಟೆ ಒಂದು ಕಡೆ ಸೇರಿದೆ. ನಿಲ್ಲಿಸಿ ಹರಡಿ.
• ಟಕಟಕ ಎಂದು ನೆಲದಿಂದ ಸದ್ದು: ಕಾಲು ಮಟ್ಟವಿಲ್ಲ.
• ಕಿಣಿಕಿಣಿ: ಜೇಬಿನ ನಾಣ್ಯ, ಪಿನ್ನು.
• ವೇಗದೊಂದಿಗೆ ಏರುವ ಗರ್ಜನೆ: ಬೇರಿಂಗು. ಮೆಕ್ಯಾನಿಕ್‌ಗೆ ತಿಳಿಸಿ.

ಕುಣಿಯುವ ಮೆಷಿನ್ನನ್ನು ತಬ್ಬಿ ಹಿಡಿಯಲು, ಮೇಲೆ ಕೂರಲು ಯಾರನ್ನೂ ಬಿಡಬೇಡಿ. ಮೊದಲು ಸ್ವಿಚ್ಚು ಆರಿಸಿ, ಒದ್ದೆ ಕೈಯಲ್ಲಿ ಪ್ಲಗ್ಗು ಮುಟ್ಟಬೇಡಿ. ಡ್ರಮ್ಮು ಪೂರ್ತಿ ನಿಲ್ಲುವ ತನಕ ಒಳಗೆ ಕೈ ಹಾಕಬಾರದು ಎಂದು ಮಕ್ಕಳಿಗೆ ಮತ್ತೆ ಮತ್ತೆ ಹೇಳಿ. ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಒಮ್ಮೆ ನೋಡಿಸಿ.

ಮೆಕ್ಯಾನಿಕ್ ಬಂದಾಗ ‘ಕುಣಿಯುತ್ತೆ’ ಎಂದಷ್ಟೇ ಹೇಳಬೇಡಿ. ಖಾಲಿ ಇದ್ದಾಗಲೂ ಕುಣಿಯುತ್ತದೆಯೇ, ಯಾವ ವೇಗದಲ್ಲಿ, ಯಾವ ಸದ್ದು, ಕಾಲಿನ ಮಟ್ಟ ನೋಡಿದ್ದಾಯಿತೇ ಎಂದು ನಾಲ್ಕು ಮಾತು ಹೇಳಿ. ಆಗ ಅವನ ಸಮಯವೂ ಉಳಿಯುತ್ತದೆ, ಬೇಡದ ಭಾಗಕ್ಕೆ ನೀವು ಹಣ ಕೊಡುವುದೂ ತಪ್ಪುತ್ತದೆ.