ಜೈಲಿನ ಬಾಗಿಲು ತೆರೆಯುವವರು ಯಾರು?

ಆಗಸ್ಟ್ 15 ಅಥವಾ ಜನವರಿ 26 ಹತ್ತಿರವಾದಾಗ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿಯನ್ನು ನೀವು ಓದಿರಬಹುದು: ಸನ್ನಡತೆಯ ಆಧಾರದಲ್ಲಿ ಜೀವಾವಧಿ ಕೈದಿಗಳ ಬಿಡುಗಡೆ. ಆದರೆ ಸಹೋದರಿಯರೇ, ಇವರ ನಡತೆ ಒಳ್ಳೆಯದೆಂದು ತೀರ್ಮಾನಿಸಿದವರು ಯಾರು? ಅವರನ್ನು ಆ ಕೆಲಸಕ್ಕೆ ನೇಮಿಸಿದವರು ಯಾರು? ಇದನ್ನು ಕೇಳುವವರು ಕಡಿಮೆ.

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ನಮ್ಮಲ್ಲಿ ಪೆರೋಲ್ ಎಂದರೆ ಬಿಡುಗಡೆಯಲ್ಲ. ತಾಯಿಯ ಕಾಯಿಲೆ, ಮಗಳ ಮದುವೆ ಮುಂತಾದ ಕಾರಣಕ್ಕೆ ಕೆಲವು ದಿನ ಹೊರಗೆ ಬಂದು ಮತ್ತೆ ಜೈಲಿಗೆ ಮರಳುವುದು. ಉಳಿದ ಶಿಕ್ಷೆಯನ್ನೇ ಮಾಫಿ ಮಾಡಿ ಮನೆಗೆ ಕಳಿಸುವುದು ಅವಧಿಪೂರ್ವ ಬಿಡುಗಡೆ. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಜೀವಾವಧಿ ಎಂದರೆ 14 ವರ್ಷ ಎಂದು ಎಷ್ಟೋ ಮಂದಿ ನಂಬಿದ್ದಾರೆ. ಜೀವಾವಧಿ ಎಂದರೆ ಜೀವ ಇರುವ ತನಕ. ಮರಣದಂಡನೆ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವನನ್ನು 14 ವರ್ಷ ಮುಗಿಯುವ ಮೊದಲು ಸರಕಾರ ಈ ದಾರಿಯಲ್ಲಿ ಬಿಡುವಂತಿಲ್ಲ ಎಂದಷ್ಟೇ 1978ರ ತಿದ್ದುಪಡಿ ಹೇಳಿತು. 14 ತುಂಬಿದರೆ ಅರ್ಜಿ ಪರಿಶೀಲನೆಗೆ ಬರುತ್ತದೆ, ಬಾಗಿಲು ತಾನಾಗಿ ತೆರೆಯುವುದಿಲ್ಲ.

ಪರಿಶೀಲಿಸುವುದು ರಾಜ್ಯ ಸರಕಾರ ನೇಮಿಸಿದ ಮಂಡಳಿ. ಅದರಲ್ಲಿ ಯಾರಿರಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಒಂದು ಮಾದರಿ ಕೊಟ್ಟಿದೆ: ಗೃಹ ಇಲಾಖೆಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಒಬ್ಬ ಜಿಲ್ಲಾ ನ್ಯಾಯಾಧೀಶರು, ಮುಖ್ಯ ಪ್ರೊಬೇಷನ್ ಅಧಿಕಾರಿ, ಹಿರಿಯ ಪೊಲೀಸ್ ಅಧಿಕಾರಿ, ಕಾರಾಗೃಹಗಳ ಮುಖ್ಯಸ್ಥರು. ಎಲ್ಲ ರಾಜ್ಯಗಳೂ ಇದನ್ನೇ ಅನುಸರಿಸುವುದಿಲ್ಲ. ದೆಹಲಿಯಲ್ಲಿ ಗೃಹ ಸಚಿವರೇ ಅಧ್ಯಕ್ಷರು. ಕೆಲವೆಡೆ ಜೈಲು ಮಟ್ಟದಲ್ಲಿ ಸಲಹಾ ಸಮಿತಿಗಳಿವೆ. ಮಂಡಳಿ ಶಿಫಾರಸು ಮಾಡುತ್ತದೆ, ಆದೇಶ ಸರಕಾರದ್ದು.

ಇವರು ಏನನ್ನು ನೋಡಬೇಕು? 2000ದ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ಪ್ರಶ್ನೆಗಳನ್ನು ಹೇಳಿತು. ಅಪರಾಧ ಇಡೀ ಸಮಾಜವನ್ನು ಕಲಕಿತೇ? ಮತ್ತೆ ನಡೆಯುವ ಸಂಭವ ಇದೆಯೇ? ಅಪರಾಧ ಮಾಡುವ ಶಕ್ತಿಯೇ ಅವನಲ್ಲಿ ಉಡುಗಿದೆಯೇ? ಇನ್ನೂ ಒಳಗಿಟ್ಟರೆ ಪ್ರಯೋಜನವೇನು? ಅವನ ಕುಟುಂಬದ ಸ್ಥಿತಿಗತಿ ಹೇಗಿದೆ? ಒಮ್ಮೆ ಮತ್ತೆ ಓದಿ. ಅಪರಾಧಿಯ ಹೆಂಡತಿ ಮಕ್ಕಳ ಚಿಂತೆ ಅಲ್ಲಿದೆ, ಇರಲೇಬೇಕು. ಆ ಹೆಂಗಸು ಏನು ತಪ್ಪು ಮಾಡಿದ್ದಾಳೆ? ಆದರೆ ಅನ್ಯಾಯಕ್ಕೊಳಗಾದವಳ ಕುಟುಂಬದ ಬಗ್ಗೆ ಪ್ರಶ್ನೆಯೇ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪೆರೋಲ್ ಮಂಡಳಿಯ ಸದಸ್ಯರನ್ನು ಗವರ್ನರ್ ನೇಮಿಸಿದರೂ ಸೆನೆಟ್ ಒಪ್ಪಬೇಕು. ವಿಚಾರಣೆಯಲ್ಲಿ ಸಂತ್ರಸ್ತರು ಎದ್ದುನಿಂತು ಮಾತನಾಡಬಹುದು.

ನಮ್ಮಲ್ಲಿ ಏನಾಗಬಹುದು ಎಂಬುದಕ್ಕೆ ಬಿಲ್ಕಿಸ್ ಬಾನು ಪ್ರಕರಣ ಸಾಕು. 2002ರ ಮಾರ್ಚ್ 3ರಂದು ಗುಜರಾತಿನ ದಾಹೋದ್ ಜಿಲ್ಲೆಯಲ್ಲಿ ಐದು ತಿಂಗಳ ಗರ್ಭಿಣಿಯಾಗಿದ್ದ 21ರ ಹರೆಯದ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಮೂರು ವರ್ಷದ ಮಗಳು ಮತ್ತು ಕುಟುಂಬದ ಹಲವರನ್ನು ಕೊಲ್ಲಲಾಯಿತು. ನ್ಯಾಯ ಸಿಗಲಿ ಎಂದು ವಿಚಾರಣೆಯನ್ನು ಮುಂಬಯಿಗೆ ವರ್ಗಾಯಿಸಬೇಕಾಯಿತು. ಅಲ್ಲಿ 2008ರಲ್ಲಿ 11 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು.

ಗೋಧ್ರಾ ಜೈಲಿನ ಸಲಹಾ ಸಮಿತಿಯಲ್ಲಿದ್ದವರು ಹತ್ತು ಮಂದಿ. ಜಿಲ್ಲಾಧಿಕಾರಿ ಅಧ್ಯಕ್ಷರು. ಇಬ್ಬರು ಆಡಳಿತ ಪಕ್ಷದ ಶಾಸಕರೂ ಇದ್ದರು. ಮುಂಬಯಿಯ ವಿಶೇಷ ನ್ಯಾಯಾಧೀಶರೂ ತನಿಖೆ ನಡೆಸಿದ್ದ ಸಿಬಿಐಯೂ ಬಿಡುಗಡೆ ಬೇಡವೆಂದಿದ್ದರು. ಕೇಂದ್ರ ಗೃಹ ಸಚಿವಾಲಯ ಒಪ್ಪಿತು. ಅತ್ಯಾಚಾರ ಮತ್ತು ಕೊಲೆ ಮಾಡಿದವರನ್ನು ಬಿಡಬಾರದೆಂಬ 2014ರ ನೀತಿ ಗುಜರಾತಿನಲ್ಲಿತ್ತು. ಶಿಕ್ಷೆಯಾದಾಗ ಇದ್ದದ್ದು 1992ರದ್ದೆಂದು ಹಳೆಯದನ್ನೇ ಬಳಸಲಾಯಿತು. 2022ರ ಆಗಸ್ಟ್ 15ರಂದು 11 ಮಂದಿಯೂ ಹೊರಬಂದರು, ಹಾರ ಸಿಹಿತಿಂಡಿಗಳ ಸ್ವಾಗತವೂ ಸಿಕ್ಕಿತು. ಇಷ್ಟು ದೊಡ್ಡ ನಿರ್ಧಾರಕ್ಕೆ ಮುನ್ನ ತನ್ನ ಸುರಕ್ಷತೆಯ ಬಗ್ಗೆ ಯಾರೂ ವಿಚಾರಿಸಲಿಲ್ಲ ಎಂದು ಬಿಲ್ಕಿಸ್ ಹೇಳಿದರು.

ಅವರು ಸುಮ್ಮನೆ ಕೂರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ಇತರ ಕೆಲವು ಮಹಿಳೆಯರೂ ಅರ್ಜಿ ಹಾಕಿದ್ದರು. 2024ರ ಜನವರಿ 8ರಂದು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಬಿಡುಗಡೆಯನ್ನು ರದ್ದುಗೊಳಿಸಿದರು. ಶಿಕ್ಷೆ ವಿಧಿಸಿದ್ದು ಮಹಾರಾಷ್ಟ್ರದ ನ್ಯಾಯಾಲಯ, ಆದ್ದರಿಂದ ತೀರ್ಮಾನಿಸುವ ಅಧಿಕಾರ ಗುಜರಾತಿಗೆ ಇರಲೇ ಇಲ್ಲ ಎಂಬುದು ತೀರ್ಪಿನ ತಿರುಳು. ಅದೇ ತಿಂಗಳ 21ರಂದು ರಾತ್ರಿ 11 ಮಂದಿಯೂ ಗೋಧ್ರಾ ಜೈಲಿಗೆ ಮರಳಿದರು.

ಹಾಗೆಂದು ಮಾಫಿಯೇ ಬೇಡ ಎನ್ನಲಾದೀತೇ? ಯೌವನದಲ್ಲಿ ಜಗಳದಲ್ಲಿ ಕೈಮೀರಿ ಕೊಂದು, 20 ವರ್ಷ ಒಳಗೆ ಕಳೆದು, ಅರ್ಜಿ ಬರೆಸಲು ಯಾರೂ ಇಲ್ಲದ ಬಡ ಕೈದಿಗಳಿದ್ದಾರೆ. ಶಾಸಕರ ಪರಿಚಯ ಇಲ್ಲದವರ ಕಡತ ಮೇಜಿನ ತಳದಲ್ಲೇ ಉಳಿಯುತ್ತದೆ. ಇಂಥವರಿಗಾಗಿಯೇ ಎಂಬಂತೆ 2025ರ ಫೆಬ್ರವರಿ 18ರಂದು ಸುಪ್ರೀಂ ಕೋರ್ಟ್ ಮಹತ್ವದ ಆದೇಶ ನೀಡಿತು. ನೀತಿಯ ಪ್ರಕಾರ ಅರ್ಹನಾದ ಕೈದಿ ಅರ್ಜಿ ಹಾಕದಿದ್ದರೂ ಸರಕಾರ ಅವನ ವಿಷಯ ಪರಿಗಣಿಸಬೇಕು. ತಿರಸ್ಕರಿಸಿದರೆ ಕಾರಣ ಬರೆಯಬೇಕು, ಅದನ್ನು ಕೈದಿಗೆ ತಿಳಿಸಬೇಕು, ಪ್ರಶ್ನಿಸುವ ಹಕ್ಕಿದೆ ಎಂದೂ ಹೇಳಬೇಕು.

ನಿಮ್ಮ ನೆರೆಹೊರೆಯಲ್ಲಿ ಕೈದಿಯ ಮನೆಯವರಿದ್ದರೆ ಇದನ್ನು ತಿಳಿಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಬಂಧನದಲ್ಲಿರುವವರಿಗೂ, ಆದಾಯ ಎಷ್ಟೇ ಇರಲಿ ಎಲ್ಲ ಮಹಿಳೆಯರಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ. ತನಗೆ ಅನ್ಯಾಯ ಮಾಡಿದವನು ನಾಳೆ ಹೊರಬರುತ್ತಾನಂತೆ ಎಂದು ಕೇಳಿ ನಿದ್ದೆಗೆಟ್ಟ ಹೆಣ್ಣೂ ಅದೇ ಕಚೇರಿಗೆ ಹೋಗಬಹುದು.