ಮದುವೆಯಾಗಿ ಆರು ವಾರ, ಬಸಿರಿಗೆ ಎಂಟು ವಾರ!

ಮಾರ್ಚ್ 8ಕ್ಕೆ ಮದುವೆ. ಏಪ್ರಿಲ್ 19ಕ್ಕೆ ಮೈಸೂರಿನ ವಿಜಯನಗರದಲ್ಲಿ ಮೊದಲ ಸ್ಕ್ಯಾನ್. ವರದಿಯಲ್ಲಿ ‘8 ವಾರ 0 ದಿನ’ ಎಂದಿದೆ. ಅತ್ತೆ ಬೆರಳು ಮಡಚಿ ಎಣಿಸುತ್ತಾರೆ: ಮದುವೆಯಾಗಿ ಆರೇ ವಾರ, ಇನ್ನೆರಡು ವಾರ ಎಲ್ಲಿಂದ ಬಂತು? ಉದಾಹರಣೆ ಕಲ್ಪಿತವಾದರೂ ಪ್ರಶ್ನೆ ಕಲ್ಪಿತವಲ್ಲ. ಬಾಯಿಬಿಟ್ಟು ಕೇಳುವವರು ಕಡಿಮೆ, ಮನಸ್ಸಿನಲ್ಲೇ ಗುಣಿಸುವವರು ಹೆಚ್ಚು.

ವೈದ್ಯರು ಬಸಿರನ್ನು ಎಣಿಸುವುದು ದಂಪತಿ ಕೂಡಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆಯಾಗುವುದು ಸುಮಾರು 14ನೇ ದಿನ. ಅಂದರೆ ಗರ್ಭ ಕಟ್ಟುವ ಹೊತ್ತಿಗಾಗಲೇ ಲೆಕ್ಕದಲ್ಲಿ ಎರಡು ವಾರ ಸಂದಿರುತ್ತದೆ. ನಮ್ಮ ಸೊಸೆಯ ಕೊನೆಯ ಮುಟ್ಟು ಫೆಬ್ರುವರಿ 22ಕ್ಕೆ. ಅಲ್ಲಿಂದ ಏಪ್ರಿಲ್ 19ಕ್ಕೆ 56 ದಿನ. ಸ್ಕ್ಯಾನೂ ಸರಿ, ಸೊಸೆಯೂ ಸರಿ.

ಕೂಡಿದ ದಿನದಿಂದಲೇ ಏಕೆ ಎಣಿಸಬಾರದು? ವೀರ್ಯಾಣು ಗರ್ಭನಾಳದಲ್ಲಿ ಐದು ದಿನದವರೆಗೂ ಬದುಕಿರಬಲ್ಲದು. ಅಂಡದ ಆಯುಸ್ಸು ಹೆಚ್ಚೆಂದರೆ ಒಂದು ದಿನ. ಹಾಗಾಗಿ ಗರ್ಭ ನಿಂತ ದಿನ ಇಂಥದ್ದೇ ಎಂದು ದಂಪತಿಗೂ ಹೇಳಲಾಗದು. ಮುಟ್ಟಿನ ದಿನವಾದರೆ ನೆನಪಿರುತ್ತದೆ. ಆ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನ ಸೇರಿಸಿ ಹೆರಿಗೆಯ ದಿನ ಗುರುತಿಸುವ ಸೂತ್ರಕ್ಕೆ 19ನೇ ಶತಮಾನದ ಜರ್ಮನ್ ಪ್ರಸೂತಿ ತಜ್ಞ ಫ್ರಾನ್ಜ್ ನೇಗೆಲೆಯ ಹೆಸರಿದೆ. ಒಟ್ಟು 280 ದಿನ; ನಮ್ಮ ಸೊಸೆಗೆ ನವೆಂಬರ್ 29. ಹಿರಿಯರು ಹೇಳುವ ನವಮಾಸವೂ ಇದಕ್ಕೆ ಹೊರತಲ್ಲ: ಪಂಚಾಂಗದ ಚಾಂದ್ರಮಾಸ ಸುಮಾರು ಇಪ್ಪತ್ತೊಂಬತ್ತೂವರೆ ದಿನ, ಅಂಥ ಒಂಬತ್ತು ತಿಂಗಳಿಗೆ ಹತ್ತಿರಹತ್ತಿರ 266 ದಿನ. ಆಸ್ಪತ್ರೆಯ 280ರಲ್ಲಿ ಮೊದಲ 14 ಕಳೆದರೆ ಉಳಿಯುವುದೂ ಅಷ್ಟೇ.

ಆದರೆ 35 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆಯೇ ಒಂದು ವಾರ ತಡ. ಹೆರಿಗೆಯ ದಿನವೂ ಅಷ್ಟು ಮುಂದೆ ಹೋಗುತ್ತದೆ. ಪಿಸಿಒಡಿ ಇದ್ದರೆ, ಎಳೆಗೂಸಿಗೆ ಹಾಲೂಡಿಸುವಾಗಲೇ ಮತ್ತೆ ಬಸಿರಾದರೆ ಈ ಸೂತ್ರ ಕೈಕೊಡುತ್ತದೆ. ಆಗ ನಂಬಬೇಕಾದದ್ದು ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನನ್ನು. ಭ್ರೂಣವನ್ನು ನೆತ್ತಿಯಿಂದ ಕುಂಡೆಯವರೆಗೆ ಅಳೆಯುತ್ತಾರೆ. ವರದಿಯಲ್ಲಿ ‘ಸಿಆರ್‌ಎಲ್’ ಎಂದಿರುವುದು ಅದೇ. ಎಂಟು ವಾರಕ್ಕೆ ಸುಮಾರು 16 ಮಿಲಿಮೀಟರ್. ಈ ಹಂತದಲ್ಲಿ ಎಲ್ಲ ಭ್ರೂಣಗಳೂ ಬಹುತೇಕ ಒಂದೇ ವೇಗದಲ್ಲಿ ಬೆಳೆಯುವುದರಿಂದ ಲೆಕ್ಕ ಐದರಿಂದ ಏಳು ದಿನದಷ್ಟೇ ಆಚೀಚೆ ಆದೀತು.

ಏಳು ತಿಂಗಳಾದ ಮೇಲಿನ ಸ್ಕ್ಯಾನ್‌ನಲ್ಲಿ ಮೂರು ವಾರದಷ್ಟು ವ್ಯತ್ಯಾಸ ಬಂದರೂ ಬಂದೀತು. ಆ ಹೊತ್ತಿಗೆ ತಾಯಿಯ ಆಹಾರ, ಬಿಪಿ, ಸಕ್ಕರೆ ಕಾಯಿಲೆ, ಮನೆತನದ ಮೈಕಟ್ಟು ಎಲ್ಲವೂ ಮಗುವಿನ ಗಾತ್ರದಲ್ಲಿ ಕಾಣತೊಡಗಿರುತ್ತವೆ. ಸ್ಕ್ಯಾನಿನ ಅಳತೆಯಿಂದ ವಾರ ಲೆಕ್ಕಹಾಕುವ ಸೂತ್ರಗಳೂ ಬಹುಪಾಲು ಪಾಶ್ಚಾತ್ಯ ಮಕ್ಕಳ ಅಳತೆಯಿಂದ ಬಂದವು. ಭಾರತದ ಗರ್ಭಿಣಿಯರ ದತ್ತಾಂಶದಿಂದಲೇ ಐಐಟಿ ಮದ್ರಾಸ್ ಮತ್ತು ಫರಿದಾಬಾದ್‌ನ ಟಿಎಚ್‌ಎಸ್‌ಟಿಐ ಸಂಶೋಧಕರು ‘ಗರ್ಭಿಣಿ-ಜಿಎ2’ ಎಂಬ ಸೂತ್ರ ರೂಪಿಸಿದ್ದು 2024ರಲ್ಲಷ್ಟೇ ಪ್ರಕಟವಾಯಿತು. ಎಂಟನೇ ತಿಂಗಳಲ್ಲಿ ಮಗು ಸಣ್ಣದಾಗಿ ಕಂಡಿತೆಂದು ದಿನಾಂಕವನ್ನೇ ಮುಂದೂಡಿದರೆ, ಬೆಳವಣಿಗೆ ಕುಂಠಿತವಾಗಿರುವುದು ಕಣ್ಣಿಗೆ ಬೀಳದೇ ಹೋಗುವ ಅಪಾಯವಿದೆ.

ಇಷ್ಟೆಲ್ಲ ಕರಾರುವಾಕ್ಕಾಗಿ ಎಣಿಸಿದರೂ ಕೊಟ್ಟ ದಿನಕ್ಕೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ. 37ನೇ ವಾರ ತುಂಬಿ 42 ಮುಟ್ಟುವುದರೊಳಗೆ ಹೆರಿಗೆಯಾದರೆ ದಿನ ತುಂಬಿದ ಹೆರಿಗೆಯೇ. ಹಾಗೆಂದು ನಕ್ಷತ್ರ ನೋಡಿ ಸಿಸೇರಿಯನ್ನಿಗೆ ಮುಹೂರ್ತ ಇಡಿಸುವವರು ಅವಸರಪಡಬಾರದು: ವೈದ್ಯಕೀಯ ಕಾರಣವಿಲ್ಲದೆ 39 ವಾರಕ್ಕೆ ಮೊದಲು ಮಗುವನ್ನು ಹೊರತೆಗೆದರೆ ಉಸಿರಾಟದ ತೊಂದರೆಯ ಸಾಧ್ಯತೆ ಹೆಚ್ಚು. ದಿನಾಂಕವೇ ತಪ್ಪಿದ್ದರೆ 39 ಎಂದುಕೊಂಡದ್ದು 37 ಆಗಿರಬಹುದು.

ಆದ್ದರಿಂದ ಮುಟ್ಟಿನ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮುಟ್ಟು ನಿಂತರೆ ಮೂರು ತಿಂಗಳೊಳಗೆ ಆಸ್ಪತ್ರೆಗೆ ಹೋಗಿ. ಆಗ ನಿಗದಿಯಾದ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಹೆರಿಗೆಗೆ ತವರಿಗೆ ಹೋಗುವಾಗ ಕಾರ್ಡಿನ ಜತೆ ಮೊದಲ ಸ್ಕ್ಯಾನ್ ವರದಿಯನ್ನೂ ತಪ್ಪದೆ ಒಯ್ಯಿರಿ.