ದೇಹದೊಳಗಿನ ರಾಸಾಯನಿಕ: ಅಳತೆಯೂ ಅರ್ಥವೂ

ಗಾಳಿ, ನೀರು, ಮಣ್ಣು, ಆಹಾರ ಮತ್ತು ನಿತ್ಯಬಳಕೆಯ ವಸ್ತುಗಳ ಮೂಲಕ ರಾಸಾಯನಿಕವೊಂದು ಮನುಷ್ಯನ ದೇಹವನ್ನು ತಲುಪುವುದಕ್ಕೆ ಪರಿಸರ ಆರೋಗ್ಯ ವಿಜ್ಞಾನದಲ್ಲಿ ‘ಒಡ್ಡಿಕೆ’ ಎಂದು ಹೆಸರು. ಇದನ್ನು ಲೆಕ್ಕ ಹಾಕುವ ಹಳೆಯ ದಾರಿ ಪರೋಕ್ಷವಾದುದು: ಬಾವಿಯ ನೀರಿನಲ್ಲೋ ಬೀದಿಯ ಗಾಳಿಯಲ್ಲೋ ಆ ರಾಸಾಯನಿಕ ಎಷ್ಟಿದೆಯೆಂದು ಅಳೆದು, ಸಾಮಾನ್ಯ ಮನುಷ್ಯನೊಬ್ಬ ದಿನಕ್ಕೆ ಎಷ್ಟು ನೀರು ಕುಡಿಯುತ್ತಾನೆ, ಎಷ್ಟು ಗಾಳಿ ಸೇದುತ್ತಾನೆ ಎಂಬ ಅಂದಾಜಿನಿಂದ ಗುಣಿಸುವುದು. ಆದರೆ ಆ ‘ಸಾಮಾನ್ಯ ಮನುಷ್ಯ’ ಎಲ್ಲಿಯೂ ಕೈಗೆ ಸಿಗುವವನಲ್ಲ. ಬಿಸಿಲಿನಲ್ಲಿ ದುಡಿಯುವ ಕೂಲಿಯಾಳು ಕುಡಿಯುವ ನೀರಿನ ಪ್ರಮಾಣ ಬೇರೆ, ಹಗಲೆಲ್ಲ ಪಟ್ಟಣದ ಕಚೇರಿಯಲ್ಲಿ ಕಳೆಯುವವನದು ಬೇರೆ, ಅಂಬೆಗಾಲಿಡುತ್ತ ನೆಲದ ಧೂಳನ್ನೆಲ್ಲ ಬಾಯಿಗಿಡುವ ಕೂಸಿನ ಪಾಡೇ ಬೇರೆ. ಹೀಗಾಗಿ ಕಳೆದ ಕೆಲವು ದಶಕಗಳಲ್ಲಿ ರಕ್ತ, ಮೂತ್ರ, ಕೂದಲು, ಉಗುರು, ಎದೆಹಾಲುಗಳಲ್ಲಿಯೇ ರಾಸಾಯನಿಕವನ್ನು ಅಳೆಯುವ ಕ್ರಮ, ಅಂದರೆ ‘ಜೈವಿಕ ನಿಗಾ’, ಬೆಳೆದುಬಂದಿದೆ. ಶತಕೋಟಿಯಲ್ಲಿ ಒಂದು ಪಾಲನ್ನೂ ಅದಕ್ಕಿಂತ ಕಡಿಮೆಯನ್ನೂ ಗುರುತಿಸುವ ಉಪಕರಣಗಳು ಬಂದ ಮೇಲೆ ಅಳೆಯುವುದು ಸುಲಭವಾಯಿತು. ಬಂದ ಅಂಕಿ ಏನು ಹೇಳುತ್ತದೆಂದು ತಿಳಿಯುವುದೇ ಕಷ್ಟದ ಕೆಲಸವಾಗಿ ಉಳಿಯಿತು.

ಈ ಕಷ್ಟ ಎಲ್ಲಿದೆಯೆಂಬುದನ್ನು ಸೀಸದ ಉದಾಹರಣೆ ಚೆನ್ನಾಗಿ ತೋರಿಸುತ್ತದೆ. ದೇಹ ಸೇರಿದ ವಸ್ತುವಿನ ಅರ್ಧದಷ್ಟು ಕಡಿಮೆಯಾಗಲು ಹಿಡಿಯುವ ಕಾಲವನ್ನು ‘ಅರ್ಧಾಯು’ ಎನ್ನುತ್ತಾರೆ. ರಕ್ತದಲ್ಲಿ ಸೀಸದ ಅರ್ಧಾಯು ಸುಮಾರು ಒಂದು ತಿಂಗಳು. ಮೂಳೆಯಲ್ಲಾದರೋ ಅದು ದಶಕಗಳ ಲೆಕ್ಕ. ವಯಸ್ಕರ ದೇಹದಲ್ಲಿರುವ ಸೀಸದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಮೂಳೆಗಳಲ್ಲೇ ಕುಳಿತಿರುತ್ತದೆ. ಆದ್ದರಿಂದ ರಕ್ತಪರೀಕ್ಷೆ ಮುಖ್ಯವಾಗಿ ಇತ್ತೀಚಿನ ವಾರಗಳ ಒಡ್ಡಿಕೆಯನ್ನು ಹೇಳುತ್ತದೆಯಾದರೂ, ಸೀಸದ ಬ್ಯಾಟರಿಯ ಕೆಲಸವನ್ನು ಎಂದೋ ಬಿಟ್ಟವರ ರಕ್ತಕ್ಕೆ ಮೂಳೆಯ ಹಳೆಯ ದಾಸ್ತಾನು ಸ್ವಲ್ಪಸ್ವಲ್ಪವೇ ಇಳಿದುಬರುತ್ತಿರಬಹುದು. ಗರ್ಭಿಣಿಯ ಮೂಳೆಯಿಂದ ಕ್ಯಾಲ್ಸಿಯಂ ಕರಗಿ ಹೊರಬರುವಾಗ ಅದರೊಂದಿಗೆ ಸೀಸವೂ ಹೊರಟು ಭ್ರೂಣವನ್ನು ತಲುಪಬಹುದು. ಬಾಲ್ಯದ ಒಟ್ಟು ಲೆಕ್ಕ ಬೇಕೆಂದು ಹೊರಟ ಅಮೆರಿಕದ ಹರ್ಬರ್ಟ್ ನೀಡಲ್‌ಮನ್ ಮತ್ತು ಸಂಗಡಿಗರು ರಕ್ತವನ್ನು ಬಿಟ್ಟು, ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿದರು. ಹಲ್ಲಿನಲ್ಲಿ ಹೆಚ್ಚು ಸೀಸವಿದ್ದ ಮಕ್ಕಳು ಬುದ್ಧಿಪರೀಕ್ಷೆಯಲ್ಲಿಯೂ ಏಕಾಗ್ರತೆಯಲ್ಲಿಯೂ ಹಿಂದೆ ಬಿದ್ದಿದ್ದರೆಂಬ ಅವರ 1979ರ ವರದಿ ದೊಡ್ಡ ವಾದವಿವಾದಕ್ಕೆ ಕಾರಣವಾಯಿತು. ವಿಷಬಾಧೆಯ ಯಾವ ಲಕ್ಷಣವೂ ಕಾಣದ ಮಕ್ಕಳ ಮೇಲೆ ನಡೆದ ಅಧ್ಯಯನವೆಂಬುದೇ ಅದರ ಹೆಚ್ಚುಗಾರಿಕೆ.

ಒಬ್ಬ ವ್ಯಕ್ತಿಯ ಅಂಕಿ ಮಾತಾಡದಿದ್ದಾಗಲೂ ಸಾವಿರಾರು ಜನರ ಅಂಕಿಗಳು ಒಟ್ಟಾಗಿ ಮಾತಾಡಬಲ್ಲವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣಾ ಸಮೀಕ್ಷೆಯ ಎರಡನೆಯ ಸುತ್ತಿನಲ್ಲಿ, 1976ರಿಂದ 1980ರ ನಡುವೆ, ಜನರ ರಕ್ತದಲ್ಲಿನ ಸೀಸದ ಸರಾಸರಿ ಡೆಸಿಲೀಟರಿಗೆ 14.6 ಮೈಕ್ರೋಗ್ರಾಂನಿಂದ 9.2ಕ್ಕೆ ಇಳಿಯಿತು. ಅದೇ ವರ್ಷಗಳಲ್ಲಿ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸವನ್ನು ಹಂತಹಂತವಾಗಿ ಕಡಿಮೆ ಮಾಡಲಾಗುತ್ತಿತ್ತು, ಮತ್ತು ಎರಡು ರೇಖೆಗಳೂ ಬಹುತೇಕ ಜೊತೆಜೊತೆಯಾಗಿ ಇಳಿದಿದ್ದವು. ಗಾಳಿಯ ಸೀಸವನ್ನು ಆಧರಿಸಿ ಮಾಡಿದ ಗಣಿತದ ಅಂದಾಜುಗಳು ಇಷ್ಟು ದೊಡ್ಡ ಇಳಿತವನ್ನು ನಿರೀಕ್ಷಿಸಿರಲಿಲ್ಲ. ಪೆಟ್ರೋಲಿನಿಂದ ಸೀಸವನ್ನು ಪೂರ್ತಿಯಾಗಿ ತೆಗೆಯುವ ನಿರ್ಧಾರಕ್ಕೆ ಬಲ ಬಂದದ್ದು ಇಂಥ ಮಾಹಿತಿಯಿಂದಲೇ; ಭಾರತದಲ್ಲಿ ಸೀಸರಹಿತ ಪೆಟ್ರೋಲು ಕಡ್ಡಾಯವಾದದ್ದು 2000ದಲ್ಲಿ.

ಇನ್ನು ‘ಎಷ್ಟಿದ್ದರೆ ಹೆಚ್ಚು’ ಎಂಬ ಪ್ರಶ್ನೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮಕ್ಕಳ ರಕ್ತದ ಸೀಸಕ್ಕೆ ಗೊತ್ತುಪಡಿಸಿದ್ದ ಮಟ್ಟ 1985ರಲ್ಲಿ ಡೆಸಿಲೀಟರಿಗೆ 25 ಮೈಕ್ರೋಗ್ರಾಂ ಇದ್ದದ್ದು, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5 ಆಯಿತು. ಕೊನೆಯ ಎರಡನ್ನು ಸುರಕ್ಷತೆಯ ಗಡಿ ಎಂದು ಓದುವುದು ತಪ್ಪು. ಅವು ‘ಉಲ್ಲೇಖ ಮೌಲ್ಯ’ಗಳು, ಅಂದರೆ ಆ ದೇಶದ ಒಂದರಿಂದ ಐದು ವರ್ಷದ ಮಕ್ಕಳನ್ನು ಸೀಸದ ಪ್ರಮಾಣಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿದರೆ ಅತಿ ಹೆಚ್ಚಿರುವ ನೂರಕ್ಕೆ ಎರಡೂವರೆ ಮಕ್ಕಳನ್ನು ಉಳಿದವರಿಂದ ಬೇರ್ಪಡಿಸುವ ಗೆರೆ. ಜನರ ಒಟ್ಟು ಮಟ್ಟ ಇಳಿದಂತೆ ಗೆರೆಯೂ ಇಳಿಯುತ್ತದೆ. ಆ ಗೆರೆಯ ಕೆಳಗಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ, ಏಕೆಂದರೆ ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಇದುವರೆಗೆ ಕಂಡುಬಂದಿಲ್ಲ. ಮೇಲಿದ್ದ ಮಾತ್ರಕ್ಕೆ ಕಾಯಿಲೆಯೆಂದೂ ಅಲ್ಲ. ಬೇರೆ ಬಹುಪಾಲು ರಾಸಾಯನಿಕಗಳ ವಿಷಯದಲ್ಲಿ ಇಷ್ಟು ತಿಳಿವಳಿಕೆಯೂ ಇಲ್ಲ. ಅದೇ ಕೇಂದ್ರ 2001ರಲ್ಲಿ 27 ರಾಸಾಯನಿಕಗಳ ಮಟ್ಟವನ್ನು ಪ್ರಕಟಿಸಿ, 2009ರ ಹೊತ್ತಿಗೆ ಪಟ್ಟಿಯನ್ನು 212ಕ್ಕೆ ಏರಿಸಿತು. ರಾಸಾಯನಿಕವೊಂದು ದೇಹದಲ್ಲಿ ಸಿಕ್ಕಿತೆಂದರೆ ಅದರಿಂದ ರೋಗ ಬರುತ್ತದೆಂದು ಅರ್ಥವಲ್ಲ ಎಂಬ ಎಚ್ಚರಿಕೆಯನ್ನೂ ಅದರೊಂದಿಗೇ ಕೊಟ್ಟಿತು.

ಯಾವುದರಲ್ಲಿ ಅಳೆಯಬೇಕೆಂಬುದು ರಾಸಾಯನಿಕದ ಸ್ವಭಾವಕ್ಕೆ ಕಟ್ಟುಬಿದ್ದ ಮಾತು. ಆರ್ಸೆನಿಕ್ ರಕ್ತದಲ್ಲಿ ನಿಲ್ಲುವುದು ಕೆಲವೇ ಗಂಟೆ. ಅದರ ಹೆಚ್ಚಿನ ಭಾಗ ಕೆಲವು ದಿನಗಳಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ. ಈ ವಾರದ ಸ್ಥಿತಿ ತಿಳಿಯಲು ಮೂತ್ರ ಸಾಕು, ಕಳೆದ ತಿಂಗಳುಗಳ ಕತೆಗೆ ಕೂದಲು ಮತ್ತು ಉಗುರು ಬೇಕು, ಏಕೆಂದರೆ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುತ್ತ ಆಯಾ ಕಾಲದ ಆರ್ಸೆನಿಕನ್ನು ತನ್ನೊಳಗೆ ಹಿಡಿದಿಡುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಹಳೆಯ ಚಿನ್ನದ ಗಣಿಗಾರಿಕೆ ನಡೆದ ಮಂಗಳೂರು ಎಂಬ ಊರಿನ ಶಿಲಾವಲಯದಲ್ಲಿ (ಇದು ಕರಾವಳಿಯ ಮಂಗಳೂರಲ್ಲ) ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ಈ ದಾರಿಯನ್ನೇ ಹಿಡಿದಿತ್ತು. ಅಲ್ಲಿ ಪರೀಕ್ಷಿಸಿದ 59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರಷ್ಟರ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂನ ಮಿತಿಯನ್ನು ಮೀರಿತ್ತು. ಒಂದರಲ್ಲಿ 303 ಮೈಕ್ರೋಗ್ರಾಂ ಇತ್ತು. ಕೂದಲು, ಉಗುರು ಕೊಟ್ಟ 171 ಜನರಲ್ಲಿ ಒಬ್ಬರದೂ ಸಾಮಾನ್ಯ ಮಟ್ಟದಲ್ಲಿರಲಿಲ್ಲ. ಚರ್ಮದ ಮೇಲಿನ ಕಲೆ, ಗಂಟುಗಳನ್ನು ವೈದ್ಯರು ನೋಡಿದ್ದರು, ನೀರಿನ ಅಳತೆ ಇತ್ತು, ಕೂದಲಿನ ಅಳತೆಯೂ ಇತ್ತು; ಮೂರೂ ಒಂದೇ ಕಡೆಗೆ ಬೆರಳು ತೋರಿದ್ದರಿಂದ ತೀರ್ಮಾನ ಗಟ್ಟಿಯಾಯಿತು. ಬರಿಯ ಕೂದಲನ್ನು ನಂಬುವಂತಿಲ್ಲ, ಏಕೆಂದರೆ ಸ್ನಾನದ ನೀರಿನ ಆರ್ಸೆನಿಕ್ ಹೊರಗಿನಿಂದಲೂ ಕೂದಲಿಗೆ ಅಂಟಿಕೊಳ್ಳುತ್ತದೆ.

ಮೂತ್ರಕ್ಕೂ ಅದರದೇ ತೊಡಕುಗಳಿವೆ. ಹಿಂದಿನ ರಾತ್ರಿ ಸಿಗಡಿ ಸುಕ್ಕವನ್ನೋ ಬಂಗುಡೆ ಸಾರನ್ನೋ ಉಂಡ ಕರಾವಳಿಯವರ ಮೂತ್ರದಲ್ಲಿ ಒಟ್ಟು ಆರ್ಸೆನಿಕ್ ಗಾಬರಿ ಹುಟ್ಟಿಸುವಷ್ಟು ಏರಿರಬಹುದು, ಆದರೆ ಅದು ಸಮುದ್ರಜೀವಿಗಳಲ್ಲಿರುವ ಆರ್ಸೆನೊಬೀಟೈನ್ ಎಂಬ ನಿರುಪದ್ರವಿ ರೂಪ. ಕುಡಿಯುವ ನೀರಿನಲ್ಲಿ ಬರುವ ವಿಷಕಾರಿ ರೂಪವನ್ನು ಬೇರ್ಪಡಿಸಿ ಅಳೆಯದೆ ಕೊಟ್ಟ ವರದಿಗೆ ಬೆಲೆಯಿಲ್ಲ. ಹೆಚ್ಚು ನೀರು ಕುಡಿದವರ ಮೂತ್ರ ತೆಳುವಾಗಿ ಅಂಕಿ ಇಳಿಯುವುದನ್ನು ಸರಿದೂಗಿಸಲು, ಸ್ನಾಯುಗಳಿಂದ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಹೊರಬೀಳುವ ಕ್ರಿಯಾಟಿನಿನ್‌ಗೆ ಹೋಲಿಸಿ ಲೆಕ್ಕ ಮಾಡುವುದು ವಾಡಿಕೆ. ಪ್ಲಾಸ್ಟಿಕ್ಕಿನಲ್ಲಿ ಬಳಸುವ ಬಿಸ್‌ಫಿನಾಲ್-ಎ ಕೆಲವೇ ಗಂಟೆಗಳಲ್ಲಿ ದೇಹ ಬಿಡುವುದರಿಂದ, ಒಬ್ಬರ ಒಂದು ಬೆಳಗಿನ ಮೂತ್ರ ಅವರ ವರ್ಷದ ಒಡ್ಡಿಕೆಯ ಬಗ್ಗೆ ಹೆಚ್ಚೇನನ್ನೂ ಹೇಳದು.

ಕೆಲವೊಮ್ಮೆ ಸಂಪ್ರದಾಯವೇ ಮಾದರಿಯನ್ನು ಕಾದಿಟ್ಟಿರುತ್ತದೆ. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸದಿಂದ ಜಪಾನಿನ ಮಿನಮಾಟಾದಲ್ಲಿ ಹರಡಿದ ಕಾಯಿಲೆ 1956ರಲ್ಲಿ ಅಧಿಕೃತವಾಗಿ ಗುರುತಾದರೂ, ಅದಕ್ಕೆ ಮುಂಚೆ ಹುಟ್ಟಿದ ಮಕ್ಕಳು ಗರ್ಭದಲ್ಲಿ ಎಷ್ಟು ಪಾದರಸವನ್ನು ಪಡೆದಿದ್ದರೆಂದು ತಿಳಿಯಲು ದಾರಿಯಿರಲಿಲ್ಲ. ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿಡುವ ಜಪಾನೀ ಪದ್ಧತಿ ಆ ದಾರಿಯನ್ನು ತೆರೆಯಿತು. ಮೀಥೈಲ್ ಪಾದರಸದ ಏರಿಳಿತವನ್ನು ವರ್ಷವರ್ಷಕ್ಕೂ ಆ ಬಳ್ಳಿಗಳಲ್ಲಿ ಅಳೆಯಲಾಯಿತು.

ಇದೆಲ್ಲದರ ನಡುವೆ, ‘ದೇಹದ ವಿಷ ತೆಗೆಯುವ’ ಹೆಸರಿನಲ್ಲಿ ಮಾರಾಟವಾಗುವ ಒಂದು ಪರೀಕ್ಷೆಯ ಬಗ್ಗೆ ಖಚಿತವಾಗಿಯೇ ಹೇಳಬೇಕಾಗಿದೆ. ಲೋಹಗಳನ್ನು ಹಿಡಿದು ಹೊರಹಾಕುವ ಕೀಲೇಶನ್ ಔಷಧವನ್ನು ಮೊದಲೇ ಕೊಟ್ಟು, ಆಮೇಲೆ ಮೂತ್ರವನ್ನು ಪರೀಕ್ಷಿಸಿ, ಔಷಧ ತೆಗೆದುಕೊಳ್ಳದವರ ಸಾಮಾನ್ಯ ಮಟ್ಟದೊಂದಿಗೆ ಹೋಲಿಸುವ ಕ್ರಮವದು. ಔಷಧ ಕೊಟ್ಟರೆ ಆರೋಗ್ಯವಂತರ ಮೂತ್ರದಲ್ಲಿಯೂ ಲೋಹ ಏರುತ್ತದೆ, ಆದ್ದರಿಂದ ಹೋಲಿಕೆಯೇ ಸುಳ್ಳು. ಅಮೆರಿಕದ ವೈದ್ಯಕೀಯ ವಿಷಶಾಸ್ತ್ರಜ್ಞರ ಸಂಸ್ಥೆ ಇದನ್ನು ತಿರಸ್ಕರಿಸಿದೆ. ಆ ವರದಿಯನ್ನು ನೋಡಿ ಕೊಡುವ ಕೀಲೇಶನ್ ಚಿಕಿತ್ಸೆಯೂ ನಿರಪಾಯಕಾರಿಯಲ್ಲ: 2003ರಿಂದ 2005ರ ನಡುವೆ ಅಮೆರಿಕದಲ್ಲಿ ಕೀಲೇಶನ್ ಪಡೆದ ಇಬ್ಬರು ಮಕ್ಕಳೂ ಒಬ್ಬ ವಯಸ್ಕಳೂ ರಕ್ತದ ಕ್ಯಾಲ್ಸಿಯಂ ಕುಸಿದು ಸತ್ತರು. ಇಂಥ ವರದಿಯೊಂದು ಕೈಗೆ ಬಂದಾಗ, ಮಾದರಿಯನ್ನು ಯಾವಾಗ ತೆಗೆದದ್ದು, ಅದಕ್ಕೂ ಮುಂಚೆ ಏನನ್ನಾದರೂ ಕೊಟ್ಟಿದ್ದರೇ, ‘ಸಾಮಾನ್ಯ’ವೆಂದು ಅಚ್ಚಾದ ಮಟ್ಟ ಯಾವ ಜನರದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯದೆ ಚಿಕಿತ್ಸೆಗೆ ಒಪ್ಪಬಾರದು.